ಸೆರಗು ಕಂಡು ಇಳಿದವರು

ಎಳ್ಳಮಾಸಿಯ ದಿನ ಕಮಲಾಪುರದಲ್ಲಿ ಮನೆ ಕಾಯುವವು ಬೆಕ್ಕುಗಳು ಮಾತ್ರ. ಉಳಿದವರೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜಿರೊಟ್ಟಿ, ಸೊಪ್ಪು ಕಾಳಿನ ಭಜ್ಜಿ ಉಂಡು, ಬಿಸಿಲು ತಣ್ಣಗಾದ ಮೇಲೆಯೇ ಮರಳುವುದು.

ಪೊಲೀಸ್ ಪಟೇಲ ಅಣವೀರಪ್ಪನ ಮಗಳು ನೀಲಗಂಗಮ್ಮ ಅಂದು ಜೋಳದ ಹೊಲದ ನಡುವಿನ ಮಂಚಿಕೆ ಹತ್ತಿ ನಿಂತಿದ್ದಳು. ಹಕ್ಕಿ ಓಡಿಸುವುದು ನೆಪ. ಎತ್ತರದಲ್ಲಿ ನಿಂತರೆ ಕೆಂಪು ಮಣ್ಣು, ಅದರಾಚೆ ಅಪ್ಪನ ಕೆಂಪು ಬಾಳೆಯ ತೋಟ, ಅದರಾಚೆ ಆಕಾಶ ಎಲ್ಲವೂ ತನ್ನದೇ ಎನ್ನಿಸುತ್ತಿತ್ತು.

ಪಡುವಣ ದಿಕ್ಕಿನಿಂದ ಸದ್ದು ಬಂತು. ಮೋಡದ ಹಿಂದೆ ಯಾರೋ ಬೀಸುಕಲ್ಲು ತಿರುವಿದಂಥ ಸದ್ದು. ಆಮೇಲೆ ಕಾಣಿಸಿತು, ಎರಡು ಜೋಡಿ ರೆಕ್ಕೆಯ ದೊಡ್ಡ ಚಿಟ್ಟೆ.

"ಯವ್ವಾ, ಬಂಡಿ ಬುಡಕ್ಕ ಸೇರ್‍ರಿ!" ಕೆಳಗೆ ಯಾರೋ ಕೂಗಿದರು. ಎತ್ತುಗಳು ಹಗ್ಗ ಹರಿದವು. ಭಜ್ಜಿಯ ಗಡಿಗೆ ಉರುಳಿತು. ಹೊಲದ ತುಂಬ ಜನ ಒಬ್ಬರ ಮೇಲೊಬ್ಬರು ಬಿದ್ದು ಓಡಿದರು.

ನೀಲಾ ಮಾತ್ರ ಓಡಲಿಲ್ಲ. ಇದು ಏನೆಂದು ಅವಳಿಗೆ ಗೊತ್ತಿತ್ತು. ಅಜ್ಜಿ ಅಂಬಮ್ಮ, ಇವಳ ಬಾಯಲ್ಲಿ ಆಯಿ, ನೂರು ಸಲ ಹೇಳಿದ್ದ ಕಥೆ ಅದು. ಹಾರುವ ಪಲ್ಲಕ್ಕಿ ದಾರಿ ತಪ್ಪಿ ಅಲೆಯುವಾಗ, ಮದುವೆಯಾಗದ ಹುಡುಗಿ ಎತ್ತರದಲ್ಲಿ ನಿಂತು ಮೂರು ಸಲ ಸೆರಗು ಬೀಸಬೇಕು. ಅದು ಇಳಿಯುತ್ತದೆ. ಇಳಿದವರು ಅವಳ ಅತಿಥಿಗಳು. ಅವರಿಗೆ ಕೇಡಾದರೆ ಕರೆದವಳ ಸೆರಗಿಗೆ ಬೆಂಕಿ.

ಕಥೆಯ ಕೊನೆಯ ಮಾತು ಆಗ ನೆನಪಾಗಲಿಲ್ಲ. ಇಳಕಲ್ ಸೀರೆಯ ಕೆಂಪು ಸೆರಗನ್ನು ಬಿಚ್ಚಿ ಹಿಡಿದು ಬೀಸಿದಳು. ಒಂದು ಸಲ. ಇನ್ನೊಂದು ಸಲ. ಮತ್ತೊಂದು ಸಲ.

ಮುಂದೆ ಹೋಗಿದ್ದ ಚಿಟ್ಟೆ ತಿರುಗಿತು. ತೋಟದ ಮೇಲೆ ಸುತ್ತು ಹಾಕಿ, ಬಾಳೆ ಎಲೆಗಳನ್ನೆಲ್ಲ ನಡುಗಿಸಿ, ಪಕ್ಕದ ಬೀಳು ಹೊಲದಲ್ಲಿ ಕುಪ್ಪಳಿಸುತ್ತ ಇಳಿಯಿತು.

ಅದರೊಳಗಿಂದ ತೊಗಲಿನ ಟೋಪಿಯ ಇಬ್ಬರು ಬಿಳಿಯರು ಹೊರಬಂದರು. ಒಬ್ಬ ನರೆಗಡ್ಡದವ, ಇನ್ನೊಬ್ಬ ಎಳೆಮೀಸೆಯವ. ಸಣ್ಣವನು ಮಂಚಿಕೆಯ ಕಡೆ ನೋಡಿ ಎದೆಯ ಮೇಲೆ ಕೈಯಿಟ್ಟು ಬಾಗಿದ.

ಆಯಿ ಬಂಡಿಯ ಬುಡದಿಂದ ಹೊರಬಂದು, ಉಳಿದಿದ್ದ ಚರಗವನ್ನು ಅದರ ಗಾಲಿಗಳ ಮೇಲೆ ಚೆಲ್ಲಿದಳು. "ಇದೂ ಹೊಲದಾಗ ಇಳದದ. ಇದಕ್ಕೂ ಹಸಿವಿ ಇರ್ತದ," ಎಂದಳು.

*

ಮರುದಿನ ಕಲಬುರಗಿಯಿಂದ ಸರ್ಕಾರಿ ಮೋಟರು ಬಂತು. ಅದರಲ್ಲಿ ಪೊಲೀಸ್ ಅಮೀನ ಸಾಹೇಬ, ಅವನ ಹಿಂದೆ ಕರಿ ಟೋಪಿ, ಉದ್ದ ಕೋಟಿನ ಒಬ್ಬ ತರುಣ. ಅಲ್ಲಿನ ಶಹಾಬಜಾರದ ಕಲ್ಯಾಣಪ್ಪ. ಹೈದರಾಬಾದಿನಲ್ಲಿ ಇಂಗ್ಲೀಷು ಕಲಿತು ಬಂದು ಕಚೇರಿಯಲ್ಲಿ ತರ್ಜುಮೆ ಕೆಲಸಕ್ಕಿದ್ದ.

ಬಿಳಿಯರು ಫ್ರಾನ್ಸ್ ದೇಶದವರು, ಸೈಗಾನ್ ಎಂಬ ಊರಿಗೆ ಹೊರಟವರು. ಸೊಲ್ಲಾಪುರ ದಾಟಿದ ಮೇಲೆ ಮಂಜಿನಲ್ಲಿ ದಾರಿ ತಪ್ಪಿದ್ದರು. ಅಲ್ಪಸ್ವಲ್ಪ ಇಂಗ್ಲೀಷು ಬರುತ್ತಿತ್ತು.

ಅಮೀನ ಪಟೇಲರ ಪಡಸಾಲೆಯಲ್ಲಿ ಕೂತು ಮೀಸೆ ತೀಡಿದ. "ಹುಜೂರ್ ಸರ್ಕಾರದ ಇಜಾಜತ್, ಪರವಾನಗಿ ಇಲ್ಲದೆ ನಮ್ಮ ಮುಲ್ಕಿನ ಆಕಾಶದಾಗ ಬಂದಾರ. ಇದು ಸಣ್ಣ ಗುನ್ಹೆ ಅಲ್ಲ, ಪಟೇಲ್."

"ಆಕಾಶಕ್ಕೂ ಪಟವಾರಿ ಅದಾನೇನಪ್ಪಾ?" ಒಳಗಿನಿಂದ ಆಯಿಯ ದನಿ. "ಹದ್ದು ಗಿಡುಗ ಯಾರನ್ನ ಕೇಳಿ ಹಾರ್ತಾವ?"

ತರ್ಜುಮೆಯ ತರುಣ ನಕ್ಕುಬಿಟ್ಟ. ಅಮೀನ ನಗಲಿಲ್ಲ. "ಇನ್ನೊಂದು ಕೇಳು, ಪಟೇಲ್. ಇವರಾಗೇ ಇಳದಿದ್ರ ಜಾಸೂಸಿ ಅಂತ ಇವರಿಗೆ ಜೇಲು. ಊರಿನವರು ಯಾರಾದ್ರೂ ಕೈಸನ್ನಿ ಮಾಡಿ ಇಳಿಸಿದ್ರ, ಇವರು ಪಾರು. ಕರೆದವರ ಮನೆತನ ಸಾಫ್. ಪಟೇಲಕಿನೂ ಹೋಯ್ತು, ಇನಾಮು ಹೊಲನೂ ಜಪ್ತಿ."

ಅಣವೀರಪ್ಪ ರುಮಾಲು ಸರಿಮಾಡಿಕೊಂಡ. "ನಾವೆಲ್ಲಾ ಬಂಡಿ ಬುಡಕ್ಕ ಇದ್ದೆವು ಸಾಹೇಬ್ರ. ಏನೂ ನೋಡಿಲ್ಲ."

ಬಾಗಿಲ ಸಂದಿಯಲ್ಲಿದ್ದ ನೀಲಾಳ ಕೈಯಲ್ಲಿ ರೊಟ್ಟಿಯ ಬುಟ್ಟಿ ತೂಕವಾಯಿತು.

*

ವಿಚಾರಣೆಯ ದಿನ ಗೊತ್ತಾಗುವ ತನಕ ಬಿಳಿಯರನ್ನು ಚಾವಡಿಯಲ್ಲಿ ಇರಿಸಿದರು. ಊಟ ಪಟೇಲರ ಮನೆಯಿಂದ. ಮಾತಿಗೆ ಕಲ್ಯಾಣಪ್ಪ.

ಮೊದಲ ಊಟಕ್ಕೇ ಸಣ್ಣ ಸಾಹೇಬ ರೊಟ್ಟಿ ಮುರಿದು, ಖಾರದ ಶೇಂಗಾ ಹಿಂಡಿಪುಡಿ ಹಚ್ಚಿಕೊಂಡು ತಿಂದು, ಎರಡೇ ಎರಡು ಮಾತು ಆಡಿದ.

ಕಲ್ಯಾಣಪ್ಪ ಗಂಟಲು ಸರಿಮಾಡಿಕೊಂಡ. "ಸಾಹೇಬರು ಅಂತಾರ, ಇಂಥಾ ತೆಳ್ಳನ ರೊಟ್ಟಿ ನಮ್ಮ ದೇಶದ ರಾಣಿ ಸೈತ ತಿಂದಿರಲಿಕ್ಕಿಲ್ಲ. ಇದನ್ನ ಬಡಿದ ಕೈಗೆ ಬಳಿ ಯಾವ ಬಣ್ಣದ್ದು ಅಂತ ಕೇಳ್ತಾರ."

ನೀಲಾ ಕಂಬದ ಮರೆಗೆ ಸರಿದಳು. "ಎರಡು ಮಾತಿನಾಗ ಇಷ್ಟೆಲ್ಲಾ ಅಂದ್ರಾ?"

"ಅವರ ಭಾಷಾ ಒಣಗಿದ ಹೆಸರುಕಾಳು ಇದ್ದಂಗ್ರಿ. ನಮ್ಮ ನೀರಾಗ ನೆನೆ ಹಾಕಿದ್ರ ಉಬ್ಬತದ."

"ಹಂಗಾದ್ರ ಅವರಿಗೆ ಹೇಳ್ರಿ. ನಮ್ಮೂರಾಗ ಸುಳ್ಳು ಹೇಳೋರ ಕಣ್ಣಾಗ ಇದೇ ಹಿಂಡಿ ಹಾಕ್ತಾರ ಅಂತ."

ಕಲ್ಯಾಣಪ್ಪ ಸಾಹೇಬನ ಕಡೆ ತಿರುಗಿ ಏನೋ ಅಂದ. ಸಾಹೇಬ ನಕ್ಕು, ನೀಲಾಳನ್ನು ನೋಡಿ, ಕಲ್ಯಾಣಪ್ಪನ ಬೆನ್ನಿಗೆ ಒಂದು ಗುದ್ದಿದ. ಏನು ಹೇಳಿದ್ದನೋ! ತರ್ಜುಮೆಯವನ ಕಿವಿ ಮಾತ್ರ ಕೆಂಪು ಬಾಳೆಯ ಬಣ್ಣಕ್ಕೆ ತಿರುಗಿತ್ತು.

ಆಮೇಲೆ ದಿನವೂ ಇದೇ. ಸಾಹೇಬ ಕೆಮ್ಮಿದರೂ ಅದರಲ್ಲಿ ನೀಲಾಳ ಕಣ್ಣಿನ ಸುದ್ದಿ ಇರುತ್ತಿತ್ತು. ದೊಡ್ಡ ಸಾಹೇಬ ಆಕಳಿಸಿದರೆ, "ಈ ಊರು ಬಿಟ್ಟು ಹೋಗಲಾಕ ಮನಸ್ಸ ಬರವಲ್ದು ಅಂತಾರ." ನೀಲಾ ಕೇಳಿಸದವಳಂತೆ ತಾಟು ತೊಳೆಯುತ್ತಿದ್ದಳು. ಅದೇ ತಾಟನ್ನು ಮತ್ತೆ ತೊಳೆಯುತ್ತಿದ್ದಳು.

ಸಣ್ಣ ಸಾಹೇಬ ಒಮ್ಮೆ ತನ್ನ ಅಂಗಿಯ ಜೇಬಿನಿಂದ ಉಣ್ಣೆಯ ಪುಟ್ಟ ಕಾಲುಚೀಲ ತೆಗೆದು ತೋರಿಸಿದ. ಬೆರಳುದ್ದದ್ದು. ಆ ಸಲ ಕಲ್ಯಾಣಪ್ಪ ಏನನ್ನೂ ಉಬ್ಬಿಸಲಿಲ್ಲ. "ಸೈಗಾನಿನಾಗ ಇವರ ಹೆಂಡತಿ ಇದ್ದಾಳ. ಕೂಸು ಹುಟ್ಟಿ ಬರೇ ತಿಂಗಳಾಗ್ಯದ. ಇನ್ನೂ ಮಾರಿ ನೋಡಿಲ್ಲ," ಎಂದ.

ಆಯಿ ಪೆಟ್ಟಿಗೆಯಿಂದ ಹೊಸ ಖಣ ತೆಗೆದು ಕುಂಚಿಗೆ ಹೊಲಿದಳು. ತಲೆಗೆ ಟೋಪಿ, ಬೆನ್ನಿಗೆ ಇಳಿಬಿದ್ದ ಸೆರಗು, ಅಂಚಿಗೆ ಜರಿ. "ಯಾವ ದೇಶದ್ದಾದ್ರೂ ಕೂಸು ಕೂಸೇ. ಗಾಳಿ ಬಡೀಬಾರದು," ಎಂದು ಸಣ್ಣವನ ಕೈಗಿತ್ತಳು. ಅವನು ಅದನ್ನು ಕಾಲುಚೀಲದ ಜೊತೆ ಎದೆಯೊಳಗೆ ಇಟ್ಟುಕೊಂಡ. ಆಮೇಲೆ ನೀಲಾಳ ಕೆಂಪು ಸೆರಗನ್ನು ತೋರಿಸಿದ, ಆಕಾಶ ತೋರಿಸಿದ, ಅಂಗೈಯನ್ನು ಮೆಲ್ಲನೆ ನೆಲಕ್ಕಿಳಿಸಿದ.

ಅದಕ್ಕೆ ತರ್ಜುಮೆ ಬೇಕಿರಲಿಲ್ಲ.

*

ಸಂಜೆ ಬಾಳೆಯ ತೋಟದಲ್ಲಿ ಗೊನೆಗೆ ಒಣ ಎಲೆ ಸುತ್ತುತ್ತಿದ್ದವಳ ಬಳಿ ಕಲ್ಯಾಣಪ್ಪ ಬಂದ. ಸಾಹೇಬರು ಹಣ್ಣು ಬೇಡಿದರಂತೆ.

"ಬೇಡಿದ್ದೋ, ಉಬ್ಬಿದ್ದೋ?"

"ಉಬ್ಬಿದ್ದು." ಅವನು ಟೋಪಿ ತೆಗೆದ. ಟೋಪಿಯಿಲ್ಲದೆ ಅವನು ಚಿಕ್ಕವನಾಗಿ ಕಂಡ. "ಇಷ್ಟು ದಿನ ಸಾಹೇಬರು ನಿಮ್ಮ ಬಗ್ಗೆ ಏನೂ ಅಂದಿಲ್ರಿ. ಎಲ್ಲಾ ನಾನೇ ಅಂದಿದ್ದು."

"ಗೊತ್ತದ."

"ಗೊತ್ತಿದ್ದೂ ಸುಮ್ನಿದ್ರಾ?"

"ಯಾರ ಬಾಯಿಂದ ಬಂದ್ರೇನು, ಮಾತು ಚಂದಿದ್ದವು." ನೀಲಾ ಎಲೆಯನ್ನು ಅಗತ್ಯಕ್ಕಿಂತ ಬಿಗಿಯಾಗಿ ಕಟ್ಟಿದಳು. ಗಂಟಿನಿಂದ ಬೆರಳು ತೆಗೆಯಲಾಗಲಿಲ್ಲ. ಅವನು ಹತ್ತಿರ ಬಂದು ಗಂಟು ಸಡಿಲಿಸಿದ. ಬೆರಳು ಬಿಡುಗಡೆಯಾದ ಮೇಲೂ ಅವನ ಕೈ ಅಲ್ಲೇ ಇತ್ತು, ಅವಳ ಕೈಯೂ.

ಆಗ ಅವಳಿಗೆ ಅನ್ನಿಸಿತು: ಇವನಿಗೆ ಹೇಳಬಹುದು.

"ಅವರು ತಾವಾಗೇ ಇಳದಿಲ್ಲ. ನಾನು ಸೆರಗು ಬೀಸಿ ಕರದೀನಿ."

ಅವನ ಮುಖದಿಂದ ನಗು ಇಳಿದುಹೋಯಿತು. "ಈ ಮಾತು ಯಾರ ಮುಂದನೂ ಆಡಬ್ಯಾಡ ನೀ."

ನೀ ಎಂದ! ನೀಲಾಳ ಎದೆ ಆ ಒಂದು ಮಾತನ್ನೇ ಹಿಡಿದುಕೊಂಡು ಕುಣಿಯಿತು. ಉಳಿದ ಮಾತು ಕಿವಿಯ ಹೊರಗೇ ಉಳಿಯಿತು.

"ಕಚೇರಿಯಾಗ ನಾನೇ ಹೇಳ್ತೀನಿ," ಎಂದಳು. "ನಾ ಕನ್ನಡದಾಗ ಹೇಳೋದು, ನೀವು ಉರ್ದುವಿನಾಗ ಮುಟ್ಟಿಸೋದು. ಅವರು ಮನಿಗೆ ಹೋಗ್ಲಿ. ಕೂಸಿನ ಮಾರಿ ನೋಡ್ಲಿ."

"ಮತ್ತ ನಿಮ್ಮಪ್ಪ?"

ಅವಳು ತೋಟದ ಕಡೆ ನೋಡಿದಳು. ಇದೆಲ್ಲ ಇನಾಮು ಹೊಲವೇ. "ಆಯಿ ಅಂತಾಳ, ಕರದಾಕಿ ಕೈ ಬಿಟ್ರ ನೆಲಾನೂ ಕೈ ಬಿಡ್ತದಂತ."

"ಅದು ಕಥಿ, ನೀಲಾ."

"ನೀವು ದಿನಾ ಹೇಳಿದ್ದು ಏನಾಗಿತ್ತು?"

*

ಕಲಬುರಗಿಯ ಕಚೇರಿಯಲ್ಲಿ ಜನ ಕಿಕ್ಕಿರಿದಿದ್ದರು. ರೋಜಾ ದರ್ಗಾದ ಕಡೆಯಿಂದ ಬಂದ ಫಕೀರರು, ಬ್ರಹ್ಮಪುರದ ವಕೀಲರು, ಹಾರುವ ಬಿಳಿಯರನ್ನು ನೋಡಲೆಂದೇ ಅಂಗಡಿ ಮುಚ್ಚಿ ಬಂದ ವ್ಯಾಪಾರಿಗಳು. ಅಣವೀರಪ್ಪ ಬೇಡವೆಂದರೂ ನೀಲಾ ಆಯಿಯ ಜೊತೆ ಬಂಡಿ ಹತ್ತಿದ್ದಳು. ಆಯಿ ಸಾಹೇಬರಿಗೆಂದು ಬುತ್ತಿ ಕಟ್ಟಿದ್ದಳು.

ನ್ಯಾಯ ಹೇಳುವ ಹಾಕೀಮ ಹೈದರಾಬಾದಿನವನು. ಕನ್ನಡವೂ ಬಾರದು, ಇಂಗ್ಲೀಷೂ ಬಾರದು. ಕಲ್ಯಾಣಪ್ಪ ಎರಡರ ನಡುವೆ ನಿಂತಿದ್ದ. ಆ ದಿನ ಅವನು ನೀಲಾಳ ಕಡೆ ಒಮ್ಮೆಯೂ ನೋಡಿರಲಿಲ್ಲ.

ಸಣ್ಣ ಸಾಹೇಬನ ಸರದಿ ಬಂತು. ಅವನು ಬಹಳ ಹೊತ್ತು ಹೇಳಿದ. ಕೈಯೆತ್ತಿ ಗಾಳಿಯಲ್ಲಿ ಸೆರಗು ಬೀಸಿದಂತೆ ಮಾಡಿದ. ತಿರುಗಿ ನೀಲಾಳನ್ನು ತೋರಿಸಲಿಲ್ಲ, ತೋರಿಸಬಾರದೆಂದು ಅವನಿಗೂ ತಿಳಿದಂತಿತ್ತು.

ಕಲ್ಯಾಣಪ್ಪ ಅದನ್ನೆಲ್ಲ ಒಂದೇ ಸಾಲಿಗಿಳಿಸಿದ. "ಹುಜೂರ್, ಕೆಹತಾ ಹೈ ಅಪನೀ ಮರ್ಜೀ ಸೇ ಉತರೇ."

ತಮ್ಮ ಇಚ್ಛೆಯಿಂದಲೇ ಇಳಿದರಂತೆ. ಉಬ್ಬಿಸುವವನು ಮೊದಲ ಸಲ ಕುಗ್ಗಿಸಿದ್ದ.

ಬಜಾರದಲ್ಲಿ ಓಡಾಡಿದ ನೀಲಾಳಿಗೆ ಅಷ್ಟು ಉರ್ದು ತಿಳಿಯುತ್ತಿತ್ತು. ಆಯಿಯ ಕೈ ಬಿಡಿಸಿಕೊಂಡು ಎದ್ದಳು. "ಸುಳ್ಳ್ರಿ! ನಾನೇ ಕರದೀನಿ. ಮಂಚಿಕಿ ಮ್ಯಾಲ ನಿಂತು ಸೆರಗು ಬೀಸೀನಿ. ಅವರ ತಪ್ಪಿಲ್ಲ!"

ಹುಡುಗಿ ಏನೆನ್ನುತ್ತಾಳೆಂದು ಹಾಕೀಮ ಕನ್ನಡಕ ಎತ್ತಿ ಕೇಳಿದ. "ಲಡಕೀ ಕ್ಯಾ ಬೋಲ್ತೀ ಹೈ?"

ಅಣವೀರಪ್ಪ ಎದ್ದು ನಿಂತಿದ್ದ. ರುಮಾಲು ತಲೆಯ ಮೇಲಿರಲಿಲ್ಲ, ಎರಡೂ ಕೈಯಲ್ಲಿತ್ತು. ಅವನು ನೋಡುತ್ತಿದ್ದುದು ಮಗಳನ್ನಲ್ಲ, ಕಲ್ಯಾಣಪ್ಪನನ್ನು. ಕನ್ನಡ ಬಲ್ಲವರೆಲ್ಲ ಪಟೇಲನ ಮುಖ ನೋಡಿ ತಲೆ ತಗ್ಗಿಸಿದರು. ಅಮೀನ ಕಿಟಕಿಯ ಕಡೆ ತಿರುಗಿದ. ಅವನು ಆ ಮನೆಯ ಊಟ ಉಂಡಿದ್ದ.

ಕಲ್ಯಾಣಪ್ಪ ಕಣ್ಣು ಮುಚ್ಚಿ ತೆರೆದ.

"ಕೆಹತೀ ಹೈ ಡರ್ ಗಯೀ ಥೀ, ಹುಜೂರ್. ಮುಂಹ್ ಛುಪಾ ಲಿಯಾ. ಕುಛ್ ನಹೀಂ ದೇಖಾ."

ಹೆದರಿದಳಂತೆ. ಮುಖ ಮುಚ್ಚಿಕೊಂಡಳಂತೆ. ಏನೂ ನೋಡಲಿಲ್ಲವಂತೆ.

ನೀಲಾ ತನಗೆ ಬರುವ ಉರ್ದುವನ್ನೆಲ್ಲ ತಡಕಾಡಿದಳು. ಕಿತ್ತೆ ಕು, ಮಹಂಗಾ ಹೈ, ಕಮ್ ಕರೋ. ಬಳೆ ಕೊಳ್ಳುವ ಉರ್ದು. ಖರೆ ಹೇಳಲು ಬೇಕಾದ ಮಾತು ಅದರಲ್ಲಿ ಇರಲೇ ಇಲ್ಲ. ಒಂದೇ ಒಂದು ಸಿಕ್ಕಿತು. "ನಕ್ಕೋ!" ಎಂದು ಕೂಗಿದಳು. "ನಕ್ಕೋ! ನಕ್ಕೋ!"

ಬೇಡ, ಬೇಡ. ಹಿಂದೆ ನಿಂತವರು ನಕ್ಕರು. ಹಾಕೀಮನೂ ಕರುಣೆಯಿಂದ ನಕ್ಕ. ಹುಡುಗಿ ಹೆದರಿದ್ದಾಳೆ, ಕರೆದೊಯ್ಯಿರಿ ಎಂದು ಕೈಬೀಸಿದ.

ಬಿಳಿಯರಿಬ್ಬರಿಗೂ ವರ್ಷದ ಸಜೆಯಾಯಿತು. ವಿಮಾನ ಜಪ್ತಿ. ಸಣ್ಣ ಸಾಹೇಬನಿಗೆ ಇದು ಉರ್ದುವಿನಿಂದ ಇಂಗ್ಲೀಷಿಗೆ ಬಂದು ಮುಟ್ಟುವ ತನಕ ಅವನು ನಗುತ್ತಲೇ ನಿಂತಿದ್ದ.

*

ಕಚೇರಿಯ ಅಂಗಳದ ಬೇವಿನ ಮರದ ಕೆಳಗೆ ಕಲ್ಯಾಣಪ್ಪ ಅವಳನ್ನು ತಡೆದ.

"ನಿನ್ನ ಸಲುವಾಗಿ ಮಾಡೀನಿ, ನೀಲಾ."

"ನಾ ಏನಂದೆ? ಅಲ್ಲಿಗೆ ಏನು ಮುಟ್ಟಿತು?"

"ನಿಮ್ಮ ಮನಿ ಮುಳುಗ್ತಿತ್ತು."

"ನನ್ನ ಮಾತಿಂದ ಮುಳುಗ್ತಿತ್ತು. ನಿಮ್ಮ ಮಾತಿಂದ ಉಳೀತು. ನನ್ನ ಮಾತು ಎಲ್ಲಿ ಹೋಯ್ತು?"

"ಖರೆ ಹೇಳ್ಲೇನು?" ಅವನು ಒಂದು ಹೆಜ್ಜೆ ಮುಂದೆ ಬಂದ. "ಅವರು ಯಾರೋ. ನೀ ನನಗ ಎಲ್ಲಾ. ಇನ್ನೊಂದು ಸಲ ನಿಂದರಿಸಿ ಕೇಳಿದ್ರೂ ಹಂಗೇ ಹೇಳ್ತೀನಿ."

ಎಂಥ ಮಾತು! ಯಾವ ಹುಡುಗಿ ಕೇಳಲು ಕಾದಿರುವುದಿಲ್ಲ ಇಂಥ ಮಾತನ್ನು? ನೀಲಾ ಕೇಳಿದಳು. ಬಾಯಿಗೆ ಹಾಕಿಕೊಂಡ ಬೆಲ್ಲದಲ್ಲಿ ಬೇವಿನ ಕಾಯಿ ಸಿಕ್ಕಂತಾಯಿತು. ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಬಂಡಿ ಹತ್ತುವಾಗ ಜೇಲಿನ ಜವಾನನೊಬ್ಬ ಓಡಿಬಂದು ಸಣ್ಣ ಗಂಟೊಂದನ್ನು ಪಟೇಲನ ಕೈಗಿತ್ತ. ಕೈದಿಗಳ ಹತ್ತಿರ ಊರಿನ ಸಾಮಾನು ಇರಕೂಡದಂತೆ. ಒಳಗೆ ಕುಂಚಿಗೆ ಇತ್ತು. ಕಾಲುಚೀಲ ಇರಲಿಲ್ಲ. ಅದನ್ನಾದರೂ ಅವನ ಬಳಿ ಬಿಟ್ಟಿದ್ದರು.

*

ಪಟೇಲಕಿ ಉಳಿಯಿತು. ಅಣವೀರಪ್ಪ ಉಪಕಾರ ಮರೆಯುವವನಲ್ಲ. ಶಹಾಬಜಾರಕ್ಕೆ ತಾನೇ ಹೋಗಿ ಮಾತಾಡಿ ಬಂದ. "ಜಾತಿ ಒಂದೇ, ಮನೆತನ ಛಲೋ. ಹುಡುಗ ನಮ್ಮ ಮಾನ ಕಾದಾನ. ಇದಕ್ಕಿಂತ ಏನು ಬೇಕು?"

ನಿಶ್ಚಯಕ್ಕೆ ದಿನ ಗೊತ್ತಾಯಿತು. ತೋಟದಲ್ಲಿ ಗೊನೆಗಳು ಕೆಂಪೇರುತ್ತಿದ್ದವು. ಬೀಳು ಹೊಲದಲ್ಲಿ ನಿಂತಿದ್ದ ವಿಮಾನದ ರೆಕ್ಕೆಯ ಬಟ್ಟೆಯನ್ನು ಮೇಕೆಗಳು ಎಳೆದೆಳೆದು ಹರಿದಿದ್ದವು.

ನೀಲಾ ಎಲ್ಲಕ್ಕೂ ಸುಮ್ಮನಿದ್ದಳು. ಅವನ ಮೇಲಿನ ಆಸೆ ಸತ್ತಿರಲಿಲ್ಲ, ಅದೇ ಕಷ್ಟ. ರೊಟ್ಟಿ ಬಡಿಯುವಾಗ ಈಗಲೂ ಅವನ ದನಿ ಕೇಳಿಸುತ್ತಿತ್ತು, ಬಳಿ ಯಾವ ಬಣ್ಣದ್ದು ಅಂತ ಕೇಳ್ತಾರ. ಮರೆತುಬಿಡಬಹುದು ಎಂದೂ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ನಿಶ್ಚಯದ ಬೆಳಿಗ್ಗೆ ಸೀರೆ ಉಡಿಸಿದ ಆಯಿ ಪೆಟ್ಟಿಗೆ ತೆರೆದು ಕುಂಚಿಗೆಯನ್ನು ತೆಗೆದಳು. ಮಡಿಕೆ ಸರಿಮಾಡಿ ನೀಲಾಳ ಹೊಸ ಸೀರೆಗಳ ನಡುವೆ ಇಟ್ಟಳು.

"ಇದು ಯಾಕ, ಆಯಿ?"

"ಇರ್ಲಿ ಬಿಡವ್ವಾ. ಜರಿ ಇನ್ನೂ ಹೊಸಾದದ. ನಿನ್ನ ಕೂಸಿಗೆ ಆದೀತು."

ನೀಲಾ ಕುಂಚಿಗೆಯನ್ನೇ ನೋಡಿದಳು. ನೋಡುತ್ತ ನೋಡುತ್ತ ಅದರ ಖಾಲಿ ಟೋಪಿಯಲ್ಲಿ ಒಂದು ಮುಖ ಮೂಡತೊಡಗಿತು, ಅವಳದಲ್ಲದ ಕೂಸಿನದು.

*

ಪಡಸಾಲೆಯಲ್ಲಿ ಹಿರಿಯರು ಕೂತಿದ್ದರು. ನಡುವೆ ಸಕ್ಕರೆಯ ಹರಿವಾಣ. ಹುಡುಗಿ ಹೂಂ ಎಂದರೆ ಸಕ್ಕರೆ ಹಂಚುವುದು ಪದ್ಧತಿ. ಅದು ಬರೀ ಶಾಸ್ತ್ರ. ನಾಚಿ ಸುಮ್ಮನಿದ್ದರೂ ಹೂಂ ಎಂದೇ ತಿಳಿಯುತ್ತಾರೆ.

ಕೇಳುವ ಹಿರಿಯ ಕಲ್ಯಾಣಪ್ಪನ ಸೋದರಮಾವ ದೌಲಪ್ಪ. ಕಿವಿ ಮಂದ. ಅವನ ಪಕ್ಕದಲ್ಲೇ ಕಲ್ಯಾಣಪ್ಪ. ಅಣವೀರಪ್ಪ ಬಾಗಿಲಲ್ಲಿ ಬಂದವರಿಗೆ ಕೈಮುಗಿಯುತ್ತಿದ್ದ. ಹೆಂಗಸರ ಗದ್ದಲ ಒಳಗೆ.

ನೀಲಾ ನೀರಿನ ತಂಬಿಗೆ ಹಿಡಿದು ಬಂದಳು. ದೌಲಪ್ಪ ಬೊಚ್ಚುಬಾಯಿ ತುಂಬ ನಕ್ಕ. "ಏನವ್ವಾ ತಂಗೀ, ನಮ್ಮ ಹುಡುಗ ಒಪ್ಪಿಗಿ ಏನು ನಿನಗ?"

ಅವಳು ಕಲ್ಯಾಣಪ್ಪನ ಎದುರು ತಂಬಿಗೆ ಇಟ್ಟಳು. ಕಣ್ಣೆತ್ತಿ ನೋಡಿದಳು. ತೋಟದಲ್ಲಿ ಗಂಟು ಬಿಚ್ಚಿದಾಗ ನೋಡಿದಂತೆಯೇ. ಅವನು ಆ ನೋಟಕ್ಕೆ ನಗಲು ಹೊರಟಿದ್ದ.

"ಒಲ್ಲೆ," ಎಂದಳು. ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ.

ದೌಲಪ್ಪ ಕಿವಿಗೆ ಕೈಯಾನಿಸಿದ. "ಏನಂತದೋ ಕೂಸು? ನನಗ ಕೇಳಿಸಲಿಲ್ಲ. ಹೂಂ ಅಂತಲ್ಲ?"

ಬೇರೆ ಯಾರಿಗೂ ಕೇಳಿಸಿರಲಿಲ್ಲ. ಮಾವ ಆಗಲೇ ಸಕ್ಕರೆಯ ಹರಿವಾಣದ ಕಡೆ ಕೈಚಾಚಿದ್ದ. ಕಲ್ಯಾಣಪ್ಪ ಒಂದು ಹೂಂ ಎಂದರೆ ಮುಗಿಯಿತು, ನೀಲಾ ಅವನವಳು. ಅವಳು ಕದಲದೆ ನಿಂತಿದ್ದಳು. ಮತ್ತೊಮ್ಮೆ ಹೇಳಲಿಲ್ಲ, ಜೋರಾಗಿಯೂ ಹೇಳಲಿಲ್ಲ. ತನ್ನ ಮಾತನ್ನು ಅವನ ಕೈಯಲ್ಲಿಟ್ಟು ಕಾದಳು.

ಅವನು ತಂಬಿಗೆಯ ನೀರನ್ನೇ ನೋಡಿದ.

"ಒಲ್ಲೆ ಅಂತಾಳ್ರಿ, ಮಾವಾ."

"ಆಂ? ನೆಟ್ಟಗ ಹೇಳೋ!"

"ಒಲ್ಲೆ ಅಂದಾಳ್ರಿ." ಈಗ ಪಡಸಾಲೆಯ ತುಂಬ ಕೇಳಿಸಿತು. ಬಾಗಿಲಲ್ಲಿ ಅಣವೀರಪ್ಪನ ಮುಗಿದ ಕೈ ಹಾಗೇ ನಿಂತಿತು. "ಅಷ್ಟೇ ಅಂದಿದ್ದು. ನಾ ಏನೂ ಕೂಡಿಸಿಲ್ಲ, ಏನೂ ಕಳದಿಲ್ಲ."

ನೀಲಾಳ ಕಣ್ಣು ತುಂಬಿತು. ಇಷ್ಟು ದಿನದ ಅವನ ಚಂದದ ಮಾತುಗಳಲ್ಲಿ ಯಾವುದಕ್ಕೂ ಹೀಗೆ ತುಂಬಿರಲಿಲ್ಲ.

*

ಆ ಸಂಜೆ ಶಹಾಬಜಾರದ ಬಂಡಿಗಳು ತೋಟದ ಪಕ್ಕದ ದಾರಿಯಲ್ಲಿ ಹಿಂದಿರುಗಿದವು. ಸಕ್ಕರೆಯ ಹರಿವಾಣಕ್ಕೆ ಬಟ್ಟೆ ಮುಚ್ಚಿತ್ತು. ಕಡೆಯ ಬಂಡಿಯಲ್ಲಿ ಹಿಮ್ಮುಖವಾಗಿ ಕೂತಿದ್ದ ಕಲ್ಯಾಣಪ್ಪ ಜೋಳದ ಹೊಲದ ಕಡೆ ನೋಡಿದ.

ಕೊಯ್ಲಾದ ಹೊಲದ ನಡುವೆ ಮಂಚಿಕೆ ಬೋಳಾಗಿ ನಿಂತಿತ್ತು. ಅದರ ಮೇಲೆ ನೀಲಾ. ಗಾಳಿ ಜೋರಿತ್ತು. ಕೆಂಪು ಸೆರಗು ಹಾರಲು ಒದ್ದಾಡುತ್ತಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿ ಹಿಡಿದಿದ್ದಳು.

ಒಮ್ಮೆ ಬೀಸಿದ್ದರೆ ಅವನು ಇಳಿದುಬಿಡುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಅವನಿಗೂ.